ಮಂಗಳನಲ್ಲೊಂದು ಎಕ್ಸ್‌ಟೆನ್ಷನ್

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಅಂದು ಒಂಬತ್ತನೇ ತರಗತಿಯಲ್ಲಿ ಯುರೋಪಿನವರು ಹಡಗು ಹತ್ತಿ ಅಮೆರಿಕಕ್ಕೆ ಹೋದ ಪಾಠ ನಡೆದಿತ್ತು. ಅವರು ಅದನ್ನು 'ಹೊಸ ಪ್ರಪಂಚ' ಎಂದು ಕರೆದರು, ಆದರೆ ಅಲ್ಲಿ ಆಗಲೇ ಜನ ಇದ್ದರು, ಅವರ ಪಾಲಿಗೆ ಅದು ಹಳೆಯ ಪ್ರಪಂಚವೇ ಆಗಿತ್ತು ಎಂದು ಹೇಳುತ್ತಿದ್ದೆ. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಇನ್ಮೇಲೆ ಮಂಗಳ ಗ್ರಹಕ್ಕೆ ಹೋಗ್ತಾರಂತೆ. ಅಲ್ಲಿ ಯಾರೂ ಇಲ್ವಲ್ಲ, ಜಗಳಾನೇ ಇಲ್ಲ" ಎಂದ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, "ಯಾರೂ ಇಲ್ಲ ಅಂತ ಅಮೆರಿಕದ್ದೂ ಹಾಗೇ ಅಂದಿದ್ರಲ್ವಾ ಮಿಸ್?" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. "ನಾಳೆ ಹೇಳ್ತೀನಿ" ಎಂದು ಡಸ್ಟರು ಎತ್ತಿಕೊಂಡು ಹೊರಟೆ. ಉತ್ತರ ಗೊತ್ತಿಲ್ಲದ ಮೇಷ್ಟರುಗಳೆಲ್ಲ ಹೇಳುವ ಮಾತು ಅದು.

ಮನೆಗೆ ಬಂದು ಮಗನನ್ನು ಕೇಳಿದೆ. ಅವನಿಗೆ ಇಂಗ್ಲಿಷಿನ ವಿಜ್ಞಾನ ಕಥೆಗಳ ಹುಚ್ಚು. ನನಗೋ ಆ ಓದು ಕನ್ನಡದಲ್ಲಿ ರಾಜಶೇಖರ ಭೂಸನೂರಮಠರ ಕಥೆಗಳಿಗೆ ನಿಂತಿತ್ತು. ಅವನು ಎರಡು ಮೂರು ದಪ್ಪ ಪುಸ್ತಕ ತಂದು ಮೇಜಿನ ಮೇಲಿಟ್ಟ. ರಾತ್ರಿ ಅಡುಗೆಮನೆ ಒರೆಸಿದ ಮೇಲೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಹತ್ತು ಪುಟದಂತೆ ಓದತೊಡಗಿದೆ.

ಇನ್ನೊಂದು ಗ್ರಹದ ಗಾಳಿ, ನೀರು, ಶಾಖ ಎಲ್ಲವನ್ನೂ ಬದಲಿಸಿ ಅದನ್ನು ಭೂಮಿಯಂತೆ ಮಾಡಿಕೊಂಡು ನೆಲೆಸುವುದಕ್ಕೆ ಅವರು 'ಟೆರಾಫಾರ್ಮಿಂಗ್' ಎನ್ನುತ್ತಾರೆ. ಆ ಪದ ಹುಟ್ಟಿದ್ದು ಯಾವ ಪ್ರಯೋಗಶಾಲೆಯಲ್ಲೂ ಅಲ್ಲ. 1942ರಲ್ಲಿ ಜ್ಯಾಕ್ ವಿಲಿಯಮ್ಸನ್ ಎಂಬ ಅಮೆರಿಕದ ಕಥೆಗಾರ ಒಂದು ಕಥೆಯಲ್ಲಿ ಅದನ್ನು ಬಳಸಿದ. ವಿಜ್ಞಾನಿಗಳು ಆಮೇಲೆ ಕೈಗೆತ್ತಿಕೊಂಡರು. 1961ರಲ್ಲಿ ಕಾರ್ಲ್ ಸೇಗನ್ ಶುಕ್ರಗ್ರಹದ ಮೋಡಗಳಲ್ಲಿ ಪಾಚಿ ಬೆಳೆಸಿ ಅದನ್ನು ತಂಪು ಮಾಡಬಹುದೇ ಎಂದು ಲೆಕ್ಕ ಹಾಕಿದರು. ಆಮೇಲೆ ಎಲ್ಲರ ಕಣ್ಣೂ ಮಂಗಳನ ಮೇಲೆ ಬಿತ್ತು.

ಮಂಗಳನ ಜಾತಕ ಹೀಗಿದೆ. ಅಲ್ಲಿನ ದಿನ ನಮ್ಮ ದಿನಕ್ಕಿಂತ ನಲವತ್ತು ನಿಮಿಷದಷ್ಟು ಉದ್ದ, ವರ್ಷಕ್ಕೆ ನಮ್ಮ 687 ದಿನ. ಚಳಿ ಸರಾಸರಿ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ. ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ಇರುವ ಗಾಳಿಯಲ್ಲೂ ನೂರಕ್ಕೆ ತೊಂಬತ್ತೈದು ಭಾಗ ಇಂಗಾಲದ ಡೈಆಕ್ಸೈಡು. ನಾವು ಕುಕ್ಕರಿನಲ್ಲಿ ಒತ್ತಡ ಹೆಚ್ಚಿಸಿ ಬೇಳೆ ಬೇಯಿಸುತ್ತೇವಲ್ಲ, ಅಲ್ಲಿ ಅದಕ್ಕೆ ತಿರುಗಾಮುರುಗಾ. ಲೋಟದಲ್ಲಿ ನೀರಿಟ್ಟರೆ ಒಲೆಯಿಲ್ಲದೆಯೇ ಕುದ್ದು ಆರಿಹೋಗುತ್ತದೆ. ಮಣ್ಣು ಮಾತ್ರ ನಮ್ಮ ಬೆಂಗಳೂರಿನ ಮಣ್ಣಿನ ಹಾಗೇ ಕೆಂಪು. ಎರಡಕ್ಕೂ ಕಾರಣ ಒಂದೇ, ತುಕ್ಕು ಹಿಡಿದ ಕಬ್ಬಿಣ.

ಈ ಕೆಂಪು ಮಣ್ಣಿನ ಮಾತು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಂಥ ಒಂದು ಗ್ರಹಕ್ಕೆ ನಾನು ಆರು ವರ್ಷದವಳಾಗಿದ್ದಾಗಲೇ ಹೋಗಿದ್ದೆ.

ಅದು 1975. ಅಪ್ಪ ಗುಮಾಸ್ತರು. ಚಾಮರಾಜಪೇಟೆಯ ವಠಾರದಿಂದ ಬನಶಂಕರಿ ಎರಡನೇ ಹಂತದ ನಮ್ಮ ಸ್ವಂತ ಮನೆಗೆ ಎತ್ತಿನ ಗಾಡಿಯಲ್ಲಿ ಸಾಮಾನು ಬಂತು. ಬಂದು ನೋಡಿದರೆ ಸುತ್ತ ಬಟಾಬಯಲು. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ರಸ್ತೆಗೆ ಗೆರೆ ಎಳೆದಿದ್ದರು. ಮನೆಗಳೆಂದರೆ ಬೀದಿಗೆ ಒಂದೋ ಎರಡೋ. ಬೇಸಿಗೆಯಲ್ಲಿ ಸಂಜೆ ಗಾಳಿ ಎದ್ದಿತೆಂದರೆ ಒಣಹಾಕಿದ ಬಿಳಿ ಪಂಚೆಗಳೆಲ್ಲ ಕಾವಿ. ರಾತ್ರಿ ಚೇಳು, ಹಗಲು ಹಾವು. ವಠಾರದ ಗೆಳತಿಯರು ಅಮ್ಮನನ್ನು "ಏನ್ರೀ, ಕಾಡಿಗೆ ಹೋಗಿಬಿಟ್ರಂತೆ" ಎಂದು ಕೇಳುತ್ತಿದ್ದರು. ಹೊಸ ಬಡಾವಣೆಗೆ ಆಗ ಎಲ್ಲರೂ ಹೇಳುತ್ತಿದ್ದ ಹೆಸರು 'ಎಕ್ಸ್‌ಟೆನ್ಷನ್'. ಊರು ಕೈ ಚಾಚಿದ ಜಾಗ.

ಅಮ್ಮ ಸಾಮಾನಿನ ಗಾಡಿಯಲ್ಲಿ ಹಾಕದೆ ತನ್ನ ಮಡಿಲಲ್ಲಿಟ್ಟುಕೊಂಡು ತಂದದ್ದು ಎರಡು ವಸ್ತು. ಒಂದು ದೇವರ ಪೆಟ್ಟಿಗೆ, ಇನ್ನೊಂದು ಒಡಕು ಕುಂಡದ ತುಳಸಿ. ಬಂದ ವಾರದಲ್ಲೇ ದಾಸವಾಳದ ಕಡ್ಡಿ, ಕನಕಾಂಬರ, ಒಂದು ಕರಿಬೇವಿನ ಸಸಿ ನೆಟ್ಟಳು. ನೀರು ಬೋರ್‌ವೆಲ್ಲಿನ ಕೈಪಂಪಿನಿಂದ, ಎರಡು ಬೀದಿ ಆಚೆಗೆ. ಬೆಳಿಗ್ಗೆ ಆರು ಕೊಡ, ಸಂಜೆ ನಾಲ್ಕು. ಪಾತ್ರೆ ತೊಳೆದ ನೀರು ಗಿಡಕ್ಕೆ, ಅಕ್ಕಿ ತೊಳೆದದ್ದು ಕರಿಬೇವಿಗೆ. ಕಥೆಗಳಲ್ಲಿ ಗ್ರಹವನ್ನು ಪಳಗಿಸಲು ಧೂಮಕೇತುವನ್ನು ಎಳೆದು ತರುತ್ತಾರೆ, ಆಕಾಶದಲ್ಲಿ ಕನ್ನಡಿ ತೂಗುಹಾಕುತ್ತಾರೆ. ನಮ್ಮ ನಲವತ್ತು ಅರವತ್ತರ ಗ್ರಹ ಪಳಗಿದ್ದು ಹತ್ತು ಕೊಡ ನೀರಿನಲ್ಲಿ.

ಆದರೆ ಅದು ಯಾರೂ ಇಲ್ಲದ ಜಾಗವಾಗಿತ್ತೇ? ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆ ಇಲ್ಲಿಗೂ ಬಂದು ಚುಚ್ಚುತ್ತದೆ.

ದಕ್ಷಿಣ ಬೆಂಗಳೂರಿನ ಹೊಸ ಬಡಾವಣೆಗಳ ಕಥೆಯನ್ನು ಜಯನಗರದಿಂದ ಹೇಳುವುದು ವಾಡಿಕೆ. 1948ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರು ಶಂಕುಸ್ಥಾಪನೆ ಮಾಡಿದರು, ಅದರ ಗುರುತಾಗಿ ನಿಂತದ್ದು ಇಂದಿನ ಅಶೋಕ ಪಿಲ್ಲರು. ಬ್ಲಾಕು, ಮೇನು, ಕ್ರಾಸು ಎಂದು ಅಂಕಿಗಳಲ್ಲೇ ವಿಳಾಸ ಬರೆಯುವ ಪಾಠವನ್ನು ಅಲ್ಲಿಂದ ಕಲಿತೆವು. ಅಂಕಿಗಳಿಗೆ ಒಂದು ಗುಣವಿದೆ, ಅವುಗಳಿಗೆ ಹಿಂದಿನದು ನೆನಪಿರುವುದಿಲ್ಲ. ನೆನಪಿರುವುದು ಊರ ಹೆಸರುಗಳಿಗೆ. ಭೈರಸಂದ್ರ, ಕರಿಸಂದ್ರ, ನಾಗಸಂದ್ರ ಎನ್ನುತ್ತೇವಲ್ಲ, ಆ 'ಸಂದ್ರ' ಎಂದರೆ ಸಮುದ್ರ, ಎಂದರೆ ಕೆರೆ. ತಾವರೆಕೆರೆ, ಹೊಸಕೆರೆಹಳ್ಳಿಗಳಂತೂ ಬಾಯಿಬಿಟ್ಟೇ ಹೇಳುತ್ತವೆ. ಮಕ್ಕಳಿಗೆ ನಾನು ಒಂದು ಒಗಟು ಹೇಳುವುದುಂಟು: ಮೂರು ಹಳ್ಳಿಗಳು ಮೂರು ಇಂಗ್ಲಿಷ್ ಅಕ್ಷರದಲ್ಲಿ ಅಡಗಿ ಕುಳಿತಿವೆ, ಯಾವುವು? ಬಿಟಿಎಂ ಲೇಔಟು. ಭೈರಸಂದ್ರ, ತಾವರೆಕೆರೆ, ಮಡಿವಾಳ. ಆ ಲೇಔಟಿನಲ್ಲೇ ಐದು ವರ್ಷ ಬಾಡಿಗೆಗಿದ್ದ ನನ್ನ ಮಗನಿಗೆ ಇದು ಗೊತ್ತಿರಲಿಲ್ಲ. ಇನ್ನೂ ದಕ್ಷಿಣಕ್ಕೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನವೊಂದಿದೆ, ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಸಾವಿರದ ನೂರು ವರ್ಷದ ಹಿಂದೆಯೇ ಈ ಮಣ್ಣಿಗಾಗಿ ಹೊಡೆದಾಡಿ ಸತ್ತವರಿದ್ದರು. ನಾವು ಬಂದು 'ಬಯಲು' ಎಂದೆವು.

ನಮ್ಮ ಬೀದಿಗೆ ಸೊಪ್ಪು, ಅವರೆಕಾಯಿ ಮಾರಲು ಪಕ್ಕದ ಹಳ್ಳಿಯ ಒಬ್ಬ ಅಜ್ಜಿ ಬರುತ್ತಿದ್ದಳು. ಒಂದು ದಿನ ಬುಟ್ಟಿ ಇಳಿಸಿ, ಜಗುಲಿಯ ಮೇಲೆ ಕೂತು, ಬಾಗಿಲೊಳಗೆ ಇಣುಕಿ, "ಅಮ್ಮಾರೆ, ನಿಮ್ ದೇವರ ಮನೆ ಯಾವ ಕಡೀಕೆ?" ಎಂದು ಕೇಳಿದಳು. ಅಮ್ಮ ತೋರಿಸಿದಳು. "ಅಲ್ಲೇ ಕಣಮ್ಮಾ ನಮ್ ರಾಗಿ ಕಣ ಇದ್ದಿದ್ದು" ಎಂದಳು ಅಜ್ಜಿ. ಅವಳ ದನಿಯಲ್ಲಿ ದೂರು ಇರಲಿಲ್ಲ. ಕಳೆದುಹೋದ ಓಲೆಯ ಬಗ್ಗೆ ಹೇಳಿದ ಹಾಗೆ ಹೇಳಿದಳು. ಅಮ್ಮ ಏನೂ ಹೇಳದೆ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು. ಆಮೇಲೆ ಪ್ರತಿ ವರ್ಷ ಸಂಕ್ರಾಂತಿಗೆ ಎಳ್ಳು ಬೀರುವಾಗ ಮೊದಲ ಪೊಟ್ಟಣ ಆ ಅಜ್ಜಿಗೆ. ಯಾಕೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ದುಡ್ಡು ಕೊಟ್ಟು ಸೈಟು ಕೊಂಡಿದ್ದೆವು, ಪತ್ರ ನಮ್ಮ ಹತ್ತಿರವೇ ಇತ್ತು. ಆದರೂ ಆ ಮಜ್ಜಿಗೆಯ ಚೊಂಬು ನನ್ನ ಕಣ್ಣಿಗೆ ಕಟ್ಟಿದೆ.

ರೇ ಬ್ರ್ಯಾಡ್‌ಬರಿ 1950ರಲ್ಲಿ ಬರೆದ 'ದ ಮಾರ್ಷಿಯನ್ ಕ್ರಾನಿಕಲ್ಸ್' ಓದುವಾಗ ಈ ಅಜ್ಜಿ ನೆನಪಾದಳು. ಅದರಲ್ಲಿ ಭೂಮಿಯವರು ಮಂಗಳನಲ್ಲಿ ನೆಲೆಸಲು ಹೋಗುವ ಹೊತ್ತಿಗೆ ಅಲ್ಲಿನವರು ಬಹುಪಾಲು ಸತ್ತಿರುತ್ತಾರೆ. ಕೊಂದದ್ದು ಬಂದೂಕಲ್ಲ, ಭೂಮಿಯಿಂದ ಮೊದಲು ಹೋದವರು ಹೊತ್ತುಕೊಂಡು ಹೋದ ಸೀತಾಳೆ ಸಿಡುಬು. ಅಮೆರಿಕದ ಮೂಲ ನಿವಾಸಿಗಳಿಗೆ ದೊಡ್ಡ ಸಿಡುಬು ಮಾಡಿದ ಕೆಲಸವನ್ನೇ ಕಥೆಗಾರ ಆಕಾಶಕ್ಕೆ ಎತ್ತಿ ತೋರಿಸಿದ್ದಾನೆ. ಹಿಂದಿನ ಬೆಂಚಿನ ಹುಡುಗಿ ಈ ಪುಸ್ತಕ ಓದಿರಲಿಕ್ಕಿಲ್ಲ, ಆದರೆ ಅವಳು ಕೇಳಿದ್ದು ಇದನ್ನೇ.

ಅದೇ ಪುಸ್ತಕದಲ್ಲಿ ಇನ್ನೊಂದು ಕಥೆ ಇದೆ. ಒಬ್ಬ ಮನುಷ್ಯ ಮಂಗಳನ ತೆಳು ಗಾಳಿಯಲ್ಲಿ ಉಸಿರಾಡಲಾಗದೆ, ಮರಗಳಿದ್ದರೆ ಗಾಳಿ ಬರುತ್ತದೆಂದು ದಿನಗಟ್ಟಲೆ ಬೀಜ ನೆಡುತ್ತಾ ಹೋಗುತ್ತಾನೆ. ಒಂದು ರಾತ್ರಿ ಮಳೆ ಬಂದು, ಬೆಳಗಾಗುವಷ್ಟರಲ್ಲಿ ಕಾಡೇ ಎದ್ದು ನಿಂತಿರುತ್ತದೆ. ಕಥೆ ತಾನೇ, ಒಂದೇ ರಾತ್ರಿಗೆ ಬೆಳೆಯಬಹುದು.

ನಮ್ಮಲ್ಲಿ ಅದಕ್ಕೆ ವರ್ಷಗಳು ಹಿಡಿದವು. 1982ರಲ್ಲಿ ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳ ಅವರು ಬೆಂಗಳೂರಿನಲ್ಲಿ ಗಿಡ ನೆಡುವ ಕೆಲಸ ಕೈಗೆತ್ತಿಕೊಂಡರು. ಐದಾರು ವರ್ಷದಲ್ಲಿ ಅವರ ತಂಡ ನೆಟ್ಟದ್ದು ಸುಮಾರು ಹದಿನೈದು ಲಕ್ಷ. ನಮ್ಮ ಬೀದಿಗೂ ಗಿಡಗಳು ಬಂದವು. ಮನೆಯ ಮುಂದೆ ಹೊಂಗೆ ಬೇಕೆಂದು ಹಟ ಹಿಡಿದವಳು ಅಮ್ಮ. ದನ ತಿನ್ನದಂತೆ ಸುತ್ತ ಬೇಲಿ ಕಟ್ಟಿ, ಬೇಸಿಗೆಯಲ್ಲಿ ದಿನಕ್ಕೊಂದು ಕೊಡ ಸುರಿದವಳೂ ಅವಳೇ. ನೇಗಿನಹಾಳರು 2021ರಲ್ಲಿ ತೀರಿಕೊಂಡರು. ಆ ದಿನ ಅಮ್ಮನಿಗೆ ಪೇಪರು ಓದಿ ಹೇಳಿದೆ. ಅವಳು ಹೊರಗೆ ಹೋಗಿ ಹೊಂಗೆಯ ಬುಡಕ್ಕೆ ಒಂದು ಚೊಂಬು ನೀರು ಹಾಕಿ ಬಂದಳು.

ಇದಕ್ಕೂ ಮುಂಚೆ, 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರು, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವ ಹಾಗೆ ಬೀದಿಗಳಿಗೆ ಮರ ಆರಿಸಿದ್ದರು. ನಾವು ನಮ್ಮದೇ ಎಂದುಕೊಂಡಿರುವ ಗುಲ್‌ಮೊಹರ್ ಮಡಗಾಸ್ಕರಿನದು, ನೀಲಿ ಜಕರಾಂಡ ದಕ್ಷಿಣ ಅಮೆರಿಕದ್ದು. ಅವೂ ಹೊರಗಿನಿಂದ ಬಂದು ಬೇರೂರಿದ ಒಕ್ಕಲೇ.

ಮರಕ್ಕಿಂತ ಮೊದಲು ನೀರು. ಬೆಂಗಳೂರಿಗೆ ಹೊಳೆಯಿಲ್ಲ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು. ಊರು ಬೆಳೆದ ಹಾಗೆ ಅದು ಸಾಲದಾಯಿತು. 1974ರಲ್ಲಿ ಕಾವೇರಿ ಬಂದಳು. ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಿನಿಂದ ಮೇಲೆತ್ತಿ ತರಬೇಕು. ಹೊಳೆಯೊಂದನ್ನು ಬೆಟ್ಟ ಹತ್ತಿಸುವುದು ವಿಜ್ಞಾನ ಕಥೆಗೇನು ಕಡಿಮೆ? ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಕೊಳಾಯಿ ಬಂತು. ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಆರತಿ ಎತ್ತಿ ತಿರುಗಿಸಿದಳು. ಅಷ್ಟು ಮಾಡಿದ ನಾವೇ ಮನೆ ಹತ್ತಿರದ ಕೆರೆಗಳನ್ನು ಮರೆತೆವು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನೂರು ಕಿಲೋಮೀಟರ್ ಆಚೆಯ ನೀರು ನಲ್ಲಿಯಲ್ಲಿ ಬರುವಾಗ ಎದುರಿಗಿನ ಕೆರೆ ಯಾರಿಗೆ ಬೇಕು? 2024ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿ, ಲಕ್ಷಗಟ್ಟಲೆ ಬೆಲೆಯ ಫ್ಲ್ಯಾಟಿನವರು ಬಕೆಟ್ ಹಿಡಿದು ಟ್ಯಾಂಕರಿಗೆ ಕಾದಾಗ ಉತ್ತರ ಸಿಕ್ಕಿತು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೇ ಹಂತವೂ ಬಂತು. ಆರನೆಯದಕ್ಕೆ ಅವಳಲ್ಲಿ ಎಷ್ಟು ನೀರಿದ್ದೀತು?

ಮಂಗಳನನ್ನು ನಿಜವಾಗಿ ಪಳಗಿಸಲು ಆಗುತ್ತದೆಯೇ ಎಂದು ಮಗನನ್ನು ಕೇಳಿದೆ. ಅವನು ತೋರಿಸಿದ ಲೆಕ್ಕ ನನ್ನ ಉತ್ಸಾಹ ಇಳಿಸಿತು. 2018ರಲ್ಲಿ ಜಕೋಸ್ಕಿ ಮತ್ತು ಎಡ್ವರ್ಡ್ಸ್ ಎಂಬ ವಿಜ್ಞಾನಿಗಳು, ನಮ್ಮ ಕೈಗೆಟಕುವ ಮಂಗಳನ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಡಿಸಿದರೂ ಗ್ರಹವನ್ನು ಬೆಚ್ಚಗೆ ಮಾಡುವಷ್ಟು ಆಗದು ಎಂದು ಹೇಳಿದರು. 2021ರಿಂದ 2023ರವರೆಗೆ ಅಲ್ಲಿ ಒಂದು ಯಂತ್ರ ಆ ಗಾಳಿಯಿಂದ ಆಮ್ಲಜನಕ ತೆಗೆಯಿತು. ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ಮೂರು ನಾಲ್ಕು ಗಂಟೆಯ ಉಸಿರು.

ಭೂಮಿಯ ಮೇಲೇ ಒಂದು ರಿಹರ್ಸಲ್ ನಡೆದಿತ್ತು. ಅಮೆರಿಕದ ಅರಿಜೋನಾದಲ್ಲಿ 1991ರಲ್ಲಿ ಎಂಟು ಜನ 'ಬಯೋಸ್ಫಿಯರ್ 2' ಎಂಬ ದೊಡ್ಡ ಗಾಜಿನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೇ ಗದ್ದೆ, ಕಾಡು, ಪುಟ್ಟ ಕಡಲು. ಎರಡು ವರ್ಷ ಹೊರಗಿನದೇನೂ ಬೇಡ ಎಂಬುದು ಹಟ. ಆದರೆ ಉಸಿರು ಕಟ್ಟತೊಡಗಿತು. ನೂರಕ್ಕೆ ಇಪ್ಪತ್ತೊಂದರಷ್ಟಿದ್ದ ಆಮ್ಲಜನಕ ಹದಿನಾಲ್ಕೂವರೆಯ ಹತ್ತಿರ ಇಳಿದು, ಕೊನೆಗೆ ಹೊರಗಿನಿಂದ ತುಂಬಬೇಕಾಯಿತು. ಗೊಬ್ಬರ ತುಂಬಿದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳು ಆಮ್ಲಜನಕ ಉಂಡು ಇಂಗಾಲದ ಡೈಆಕ್ಸೈಡು ಬಿಟ್ಟವು, ಅದನ್ನು ಹೊಸ ಕಾಂಕ್ರೀಟು ಹೀರಿಕೊಂಡಿತು. ಅಷ್ಟು ದುಡ್ಡು, ಅಷ್ಟು ಬುದ್ಧಿ ಸುರಿದವರಿಗೂ ಒಂದು ಹಿಡಿ ಮಣ್ಣು ಏನು ಮಾಡೀತು ಎಂಬ ಲೆಕ್ಕ ತಪ್ಪಿತ್ತು.

ಹಾಗಾದರೆ ಇದೆಲ್ಲ ಬರೀ ಹುಚ್ಚೇ? ಹಾಗೆನ್ನಲಾರೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರಿತು. ರೇಷ್ಮೆ ಸೀರೆ ಉಟ್ಟು, ಮುಡಿಯಲ್ಲಿ ಹೂವಿಟ್ಟು ನಗುತ್ತಿದ್ದ ಇಸ್ರೋ ಹೆಂಗಸರ ಚಿತ್ರವನ್ನು ಸ್ಟಾಫ್ ರೂಮಿನಲ್ಲಿ ನಾವೆಲ್ಲ ಕಣ್ಣು ತುಂಬಿ ನೋಡಿದೆವು. ಹೋಗಬೇಕು, ನೋಡಬೇಕು, ತಿಳಿಯಬೇಕು. ನನ್ನ ತಕರಾರು ಹೋಗುವುದರ ಬಗ್ಗೆ ಅಲ್ಲ. 'ಇಲ್ಲಿ ಕೆಟ್ಟರೆ ಅಲ್ಲೊಂದಿದೆ' ಎನ್ನುವ ಮಾತಿನ ಬಗ್ಗೆ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 1992ರಿಂದ 1996ರವರೆಗೆ ಮಂಗಳನ ಮೇಲೆ ಮೂರು ಕಾದಂಬರಿ ಬರೆದರು. ಅದರಲ್ಲಿ ಒಬ್ಬ ಭೂವಿಜ್ಞಾನಿ ಹೆಂಗಸು, ಮಂಗಳ ಇದ್ದ ಹಾಗೇ ಇರಲಿ, ಕಲ್ಲಿಗೂ ಅದರದೇ ಬಾಳಿದೆ ಎಂದು ವಾದ ಹೂಡುತ್ತಾಳೆ. ನನಗೆ ಎಲ್ಲರಿಗಿಂತ ಹತ್ತಿರವಾದವಳು ಅವಳೇ.

ಪಳಗಿಸುವ ವಿದ್ಯೆ ನಮಗೆ ಬೇಕಾದದ್ದು ಇಲ್ಲೇ. ಜೆ.ಪಿ. ನಗರ ಏಳನೇ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಇದೆ, ಹದಿಮೂರು ಎಕರೆಯಷ್ಟು. ಸಾಯುತ್ತಿದ್ದ ಆ ಕೆರೆಗಾಗಿ ಲೇಖಕಿ ಉಷಾ ರಾಜಗೋಪಾಲನ್ ಮತ್ತು ಅಕ್ಕಪಕ್ಕದವರು ಸೇರಿ 2010ರಲ್ಲಿ ಒಂದು ಟ್ರಸ್ಟ್ ಮಾಡಿದರು. ಗಿಡ ನೆಟ್ಟರು, ಕಸ ತೆಗೆಸಿದರು. ಮಳೆ ಸಾಲದ ಕಡೆ ಪಕ್ಕದ ಅಪಾರ್ಟ್‌ಮೆಂಟಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗೆ ಬಿಡುವ ಏರ್ಪಾಡಾಯಿತು. ಹಕ್ಕಿಗಳು ಬಂದವು. ನಾನು ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಗ್ರಹ ಪಳಗಿಸುವುದೆಂದರೆ ಇದು, ಎಂದು ತೋರಿಸಿದೆ.

ಈಗ ನಮ್ಮ ಮನೆಯ ಮಾತು. ಅಪ್ಪ ಹೋಗಿ ಹನ್ನೆರಡು ವರ್ಷ. ಅಮ್ಮನಿಗೆ ಎಂಬತ್ತನಾಲ್ಕು. ಅಮೆರಿಕದಲ್ಲಿರುವ ಅಣ್ಣ ವಾರಕ್ಕೊಮ್ಮೆ ಫೋನ್ ಮಾಡಿ, "ಬಿಲ್ಡರಿಗೆ ಕೊಡೋಣ, ನಾಲ್ಕು ಫ್ಲ್ಯಾಟ್ ಬರುತ್ತೆ, ನಮಗೆ ಎರಡು" ಎನ್ನುತ್ತಾನೆ. ತಪ್ಪೇನೂ ಅಲ್ಲ, ಮನೆ ಸೋರುತ್ತಿದೆ, ನನಗೂ ರಿಟೈರ್ ಆಗುವ ವಯಸ್ಸು ಬಂತು. ಅಮ್ಮ ಕೂಡ ಬೇಡ ಎನ್ನಲಿಲ್ಲ. "ಕೆಡವಲಿ ಬಿಡಿ. ಆದ್ರೆ ಹಿತ್ತಲಲ್ಲಿ ಹತ್ತಡಿ ಮಣ್ಣು ಹಾಗೇ ಬಿಡ್ಬೇಕು, ಸಿಮೆಂಟ್ ಹಾಕ್ಬಾರ್ದು. ಮುಂದಿನ ಹೊಂಗೆಗೆ ಕೈ ಹಚ್ಚಬಾರ್ದು" ಎಂದಳು. ಬಿಲ್ಡರು ನಕ್ಕರು. ಆ ಹತ್ತಡಿ ಒಂದು ಕಾರು ನಿಲ್ಲುವ ಜಾಗವಂತೆ. ಮಾತು ಅಲ್ಲಿಗೇ ನಿಂತಿದೆ. ನಾನು ಇನ್ನೂ ಸಹಿ ಹಾಕಿಲ್ಲ. ಅಣ್ಣನಿಗೆ ಬೇಸರವಾಗಿದೆ, ನನಗೂ ರಾತ್ರಿ ನಿದ್ದೆ ಬರುವುದಿಲ್ಲ.

2025ರ ಜೂನ್ ಕೊನೆಗೆ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋದರಲ್ಲ, ಅವರು ತೆಗೆದುಕೊಂಡು ಹೋದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಹೆಸರುಕಾಳು, ಮೆಂತ್ಯ ಅಲ್ಲಿ ಹೇಗೆ ಮೊಳಕೆ ಬರುತ್ತವೆ ಎಂದು ನೋಡುವುದು. ಅಂದು ಅಡುಗೆಮನೆಯಲ್ಲಿ ಅಮ್ಮ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ವಿಷಯ ಹೇಳಿದೆ.

"ಮೊಳಕೆ ಬಂತಂತಾ?" ಎಂದಳು.

"ಬಂತಂತೆ ಅಮ್ಮ."

"ನೀರು ಎಲ್ಲಿಂದ ತಂದ್ರಂತೆ?"

ಅಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧಮಾಡಿ ಕುಡಿಯುತ್ತಾರೆ, ನೂರಕ್ಕೆ ತೊಂಬತ್ತೆಂಟು ಭಾಗ ನೀರು ಮತ್ತೆ ಬಳಕೆಗೆ ಬರುತ್ತದೆ ಎಂದು ಹೇಳಿದೆ. ಅವಳು ಮುಖ ಸಿಂಡರಿಸಲಿಲ್ಲ. "ಸರಿಯಾಗೇ ಮಾಡ್ತಾರೆ. ನೀರು ಇಲ್ದೋರಿಗೇ ಅದರ ಬೆಲೆ ಗೊತ್ತಾಗೋದು ಕಣೆ" ಎಂದು ಕಾಳು ನೆನೆಸಿದ್ದ ನೀರನ್ನು ಹಿತ್ತಲಿಗೆ ಒಯ್ದು ಕರಿಬೇವಿನ ಬುಡಕ್ಕೆ ಚೆಲ್ಲಿದಳು.

ಮರುದಿನ ತರಗತಿಯಲ್ಲಿ, ಎಷ್ಟೋ ತಿಂಗಳು ಬಾಕಿ ಉಳಿದಿದ್ದ ಉತ್ತರ ಹೇಳಿದೆ. ಮಂಗಳನಲ್ಲಿ ಯಾರಾದರೂ ಇದ್ದಾರೆಯೇ ಎಂದು ಇನ್ನೂ ಹುಡುಕುತ್ತಿದ್ದಾರೆ, ಒಂದು ಸೂಕ್ಷ್ಮಜೀವಿ ಇದ್ದರೂ ಅದು ಅದರ ಮನೆ. ಹೊಸ ಜಾಗಕ್ಕೆ ಹೋದವರು ಮೊದಲು ಕೇಳಬೇಕಾದ ಪ್ರಶ್ನೆ ಎರಡೇ: ಇಲ್ಲಿ ಮೊದಲು ಯಾರಿದ್ದರು, ನೀರು ಎಲ್ಲಿಂದ ಬರುತ್ತದೆ. ಮಂಗಳಕ್ಕೆ ಹೋಗುವಾಗ ಕೇಳೋಣ, ಈಗ ನೀವು ಇರುವ ಬೀದಿಗೂ ಅದನ್ನೇ ಕೇಳಿಕೊಂಡು ನಾಳೆ ಬರೆದುಕೊಂಡು ಬನ್ನಿ, ಎಂದು ಹೋಂವರ್ಕ್ ಕೊಟ್ಟೆ.

ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿ, "ನೀವೂ ಬರೀತೀರಾ ಮಿಸ್?" ಎಂದಳು.

ಅದಕ್ಕೇ ಇಷ್ಟು ಬರೆದೆ.